ಡಾಟ್ ಇನ್ ಹೆಸರಿನ ಮೇಲೆ ಹಕ್ಕು ಯಾರದ್ದು, ಅದನ್ನು ನಡೆಸುವವರು ಯಾರು?

ಪ್ರಶ್ನೆ: ಘಟ್ಟದ_ವಾಚನಾಲಯ

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾವು ಕೆಲವರು ಸೇರಿ ವಾಚನಾಲಯವೊಂದನ್ನು ನಡೆಸುತ್ತಿದ್ದೇವೆ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಸುತ್ತಲಿನ ಊರುಗಳ ಮನೆಗಳಲ್ಲಿ ಉಳಿದಿರುವ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಇಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದೇವೆ. ತಾಣದ ವಿಳಾಸ ಡಾಟ್ ಆರ್ಗ್ ಡಾಟ್ ಇನ್ ಎಂದು ಕೊನೆಯಾಗುತ್ತದೆ. ಮೇಳದ ಕಲಾವಿದರು, ಸಂಶೋಧನಾ ವಿದ್ಯಾರ್ಥಿಗಳು, ಹೊರದೇಶಗಳಲ್ಲಿರುವ ನಮ್ಮ ಜಿಲ್ಲೆಯವರು ಆ ವಿಳಾಸವನ್ನೇ ಬಳಸುತ್ತಾರೆ. ಕೆಲವು ಪ್ರಬಂಧಗಳ ಅಡಿಟಿಪ್ಪಣಿಗಳಲ್ಲೂ ಅದು ಅಚ್ಚಾಗಿರುವುದರಿಂದ ಬೇರೊಂದು ಹೆಸರಿಗೆ ಹೋಗಿಬಿಡುವುದು ನಮಗೆ ಸುಲಭವಲ್ಲ.

ತಾಣವನ್ನು ಕಟ್ಟಿಕೊಟ್ಟ ವೆಬ್ ಡಿಸೈನ್ ಸಂಸ್ಥೆಯವರೇ ಡೊಮೇನ್ ಹೆಸರನ್ನೂ ಮಾಡಿಸಿಕೊಟ್ಟಿದ್ದರು. ಪ್ರತಿ ವರ್ಷ ಅವರು ಬಿಲ್ ಕಳಿಸುತ್ತಿದ್ದರು, ನಾವು ಹಣ ಕಟ್ಟುತ್ತಿದ್ದೆವು, ರಸೀದಿಗಳೆಲ್ಲ ನಮ್ಮ ಬಳಿ ಇವೆ. ಈ ಬಾರಿ ನವೀಕರಣಕ್ಕೆ ಹಿಂದಿನದಕ್ಕಿಂತ ಬಹಳ ಹೆಚ್ಚಿನ ಮೊತ್ತ ಕೇಳಿದ್ದಾರೆ. ಹಾಗಾದರೆ ಹೆಸರನ್ನು ನಮಗೇ ವಹಿಸಿಕೊಡಿ ಎಂದು ಕೇಳಿದಾಗ, ಡೊಮೇನ್ ತಮ್ಮ ಖಾತೆಯಲ್ಲಿದೆ, ವರ್ಗಾವಣೆ ಸಾಧ್ಯವಿಲ್ಲ ಎಂದು ಉತ್ತರಿಸಿದ್ದಾರೆ.

ನಮಗೆ ತಿಳಿಯಬೇಕಾದದ್ದು ಇಷ್ಟು. ಡಾಟ್ ಇನ್ ಎಂಬುದು ದೇಶದ್ದೇ ಆದ ಮೇಲೆ ಅದರ ಮೇಲೆ ಅಧಿಕಾರ ಇರುವವರು ಯಾರು, ದೂರು ಹೇಳಿಕೊಳ್ಳಲು ಸರ್ಕಾರದ ಕಚೇರಿ ಯಾವುದಾದರೂ ಇದೆಯೇ? ಆರ್ಗ್ ಡಾಟ್ ಇನ್ ಎಂಬುದು ಸಂಘ ಸಂಸ್ಥೆಗಳಿಗೆ ಮೀಸಲು ಎಂದಾದರೆ ಖಾಸಗಿ ಸಂಸ್ಥೆಯೊಂದು ಅದನ್ನು ತನ್ನ ಖಾತೆಯಲ್ಲಿ ಹೇಗೆ ಇಟ್ಟುಕೊಳ್ಳಬಲ್ಲದು? ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ವಿಳಾಸ ಸಿಗುತ್ತದೆ ಎಂದು ಒಬ್ಬರು ಹೇಳಿದರು, ಅದಕ್ಕೆ ಹೋಗುವುದು ಒಳ್ಳೆಯದೇ? ತಿಳಿದವರು ವಿವರವಾಗಿ ಬರೆದರೆ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಇಡಲು ಅನುಕೂಲವಾಗುತ್ತದೆ.


ಉತ್ತರ: ಹೆಸರುಪಟ್ಟಿ

ಡೊಮೇನ್ ಹೆಸರುಗಳ ನೋಂದಣಿಗೆ ಸಂಬಂಧಿಸಿದ ಕೆಲಸವನ್ನೇ ಬೆಂಗಳೂರಿನಲ್ಲಿ ಬಹಳ ಕಾಲ ಮಾಡಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದ ಉತ್ತರಿಸುತ್ತೇನೆ, ಏಕೆಂದರೆ ಯಾರ ಬಳಿ ಏನನ್ನು ಕೇಳಬೇಕು ಎಂಬುದು ಈ ವ್ಯವಸ್ಥೆ ಬೆಳೆದು ಬಂದ ಬಗೆಯಿಂದಲೇ ಗೊತ್ತಾಗುತ್ತದೆ.

ದೇಶಗಳಿಗೆ ಎರಡಕ್ಷರದ ಹೆಸರುಗಳನ್ನು ಕೊಡುವಾಗ ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವ ಗೊಡವೆಗೆ ಇಂಟರ್ನೆಟ್ಟನ್ನು ಕಟ್ಟಿದವರು ಹೋಗಲಿಲ್ಲ. ಐಎಸ್‌ಒ 3166 ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿದ್ದ ಸಂಕೇತಗಳನ್ನೇ ತೆಗೆದುಕೊಂಡರು. ಆ ಕಾಲದಲ್ಲಿ ಈ ಹೆಸರುಗಳ ಉಸ್ತುವಾರಿ ನೋಡುತ್ತಿದ್ದ ಜಾನ್ ಪೋಸ್ಟೆಲ್ 1994ರಲ್ಲಿ ಬರೆದ ಆರ್‌ಎಫ್‌ಸಿ 1591 ಎಂಬ ದಾಖಲೆಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ದೇಶದ ಹೆಸರನ್ನು ವಹಿಸಿಕೊಂಡವರು ಅದರ ಮಾಲೀಕರಲ್ಲ, ಆ ದೇಶದ ಜನರ ಪರವಾಗಿಯೂ ಜಗತ್ತಿನ ಇಂಟರ್ನೆಟ್ ಸಮುದಾಯದ ಪರವಾಗಿಯೂ ಅದನ್ನು ನೋಡಿಕೊಳ್ಳುವ ಧರ್ಮದರ್ಶಿಗಳು. ಆದ್ದರಿಂದ ಅವರು ಹಕ್ಕಿನ ಮಾತಿಗಿಂತ ಹೊಣೆ ಮತ್ತು ಸೇವೆಯ ಮಾತನ್ನು ಆಡಬೇಕು ಎಂಬುದು ಅದರ ತಾತ್ಪರ್ಯ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯ ಬುನಾದಿ ಇದೇ. ಇಂಟರ್ನೆಟ್ ಹೆಸರುಗಳ ಜಾಗತಿಕ ಉಸ್ತುವಾರಿಗಾಗಿ 1998ರಲ್ಲಿ ಐಕಾನ್ ಸಂಸ್ಥೆ ಹುಟ್ಟಿದ ಮೇಲೂ ದೇಶದ ಹೆಸರುಗಳ ಒಳಗಿನ ನೀತಿಯನ್ನು ಆಯಾ ದೇಶಕ್ಕೇ ಬಿಡಲಾಗಿದೆ. ಹಾಗಾಗಿ ನಿಮ್ಮ ದೂರನ್ನು ಐಕಾನ್‌ಗೆ ಬರೆದರೆ ಫಲವಿಲ್ಲ. ಡಾಟ್ ಕಾಮ್ ವಿಷಯದಲ್ಲಿ ಅವರಿಗಿರುವ ಅಧಿಕಾರ ಡಾಟ್ ಇನ್ ಮೇಲೆ ಇಲ್ಲ.

ಡಾಟ್ ಇನ್ ನಮ್ಮ ದೇಶಕ್ಕೆ ದಾಖಲಾದದ್ದು 1989ರ ಮೇ ತಿಂಗಳಲ್ಲಿ. ಸಾಮಾನ್ಯ ಜನರಿಗೆ ಇಂಟರ್ನೆಟ್ ಸಂಪರ್ಕವನ್ನು ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಅಂದರೆ ಅದಕ್ಕೂ ಆರು ವರ್ಷ ಮೊದಲೇ ದೇಶದ ಹೆಸರು ಪಟ್ಟಿಯಲ್ಲಿತ್ತು. ಆಗ ಅದನ್ನು ನೋಡಿಕೊಳ್ಳುತ್ತಿದ್ದುದು ಮುಂಬೈಯ ಎನ್‌ಸಿಎಸ್‌ಟಿ, ಅಂದರೆ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ. ಅಂದಿನ ನಿಯಮಗಳು ಬಿಗಿಯಾಗಿದ್ದವು. ಸಂಸ್ಥೆಗಳಿಗೆ ಕೋ ಡಾಟ್ ಇನ್‌ನಂಥ ವಿಭಾಗಗಳ ಅಡಿಯಲ್ಲಿ ಮಾತ್ರ ಹೆಸರು ಸಿಗುತ್ತಿತ್ತು, ನೇರವಾಗಿ ಡಾಟ್ ಇನ್ ಅಡಿಯಲ್ಲಿ ಹೆಸರು ಪಡೆಯುವುದು ಜನಸಾಮಾನ್ಯರಿಗೆ ಸಾಧ್ಯವಿರಲಿಲ್ಲ. ಒಂದು ದಶಕಕ್ಕೂ ಹೆಚ್ಚು ಕಾಲದಲ್ಲಿ ನೋಂದಣಿಯಾದದ್ದು ಕೆಲವೇ ಸಾವಿರ ಹೆಸರುಗಳು, ಅಷ್ಟರೊಳಗೆ ನಮ್ಮ ಸಾಫ್ಟ್‌ವೇರ್ ಕಂಪನಿಗಳು, ಪತ್ರಿಕೆಗಳು, ಅಂಗಡಿಗಳು ಡಾಟ್ ಕಾಮ್ ಹಿಡಿದಾಗಿತ್ತು. ನೀತಿಯ ಬಿಗಿ ಎಷ್ಟು ದೂರದವರೆಗೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2004ರ ಕೊನೆಯಲ್ಲಿ ಸರ್ಕಾರ ಹೊಸ ನೀತಿಯನ್ನು ಪ್ರಕಟಿಸಿತು. 2005ರ ಜನವರಿಯಿಂದ ಇನ್ ರಿಜಿಸ್ಟ್ರಿ ಕೆಲಸ ಆರಂಭಿಸಿತು. ಮೊದಲು ಟ್ರೇಡ್‌ಮಾರ್ಕ್ ಇದ್ದವರಿಗೆ ಅವಕಾಶ ಕೊಟ್ಟು, ಫೆಬ್ರುವರಿಯಿಂದ ಎಲ್ಲರಿಗೂ ಬಾಗಿಲು ತೆರೆಯಲಾಯಿತು. ಇದನ್ನು ನಡೆಸುವ ಸಂಸ್ಥೆ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಅದು 2003ರ ಜೂನ್‌ನಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಕಂಪನಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿ ಕೆಲಸ ಮಾಡುತ್ತದೆ. ಅದು ಹುಟ್ಟಿದ್ದು ದೇಶದೊಳಗಿನ ಇಂಟರ್ನೆಟ್ ಸಂಚಾರ ಹೊರದೇಶಗಳನ್ನು ಸುತ್ತಿಕೊಂಡು ಬರದೆ ಇಲ್ಲೇ ವಿನಿಮಯವಾಗಲಿ ಎಂಬ ಉದ್ದೇಶಕ್ಕೆ. ಹೆಸರುಗಳ ಹೊಣೆ ಆಮೇಲೆ ಸೇರಿಕೊಂಡದ್ದು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಕ್ಸಿ ಜನರಿಗೆ ನೇರವಾಗಿ ಹೆಸರು ಮಾರುವುದಿಲ್ಲ. ಅದು ಮೂಲ ಪಟ್ಟಿಯನ್ನು ಇಟ್ಟುಕೊಂಡಿರುವ ರಿಜಿಸ್ಟ್ರಿ. ಅದರಿಂದ ಮಾನ್ಯತೆ ಪಡೆದ ಕಂಪನಿಗಳು ರಿಜಿಸ್ಟ್ರಾರ್‌ಗಳು. ಹೆಸರು ಪಡೆದವರು ರಿಜಿಸ್ಟ್ರಂಟ್‌ಗಳು. ನಮ್ಮ ಊರುಗಳಲ್ಲಿ ವೆಬ್‌ಸೈಟ್ ಮಾಡಿಕೊಡುವ ಬಹುಪಾಲು ಸಂಸ್ಥೆಗಳು ರಿಜಿಸ್ಟ್ರಾರ್‌ಗಳೂ ಅಲ್ಲ, ಯಾವುದೋ ರಿಜಿಸ್ಟ್ರಾರ್‌ನ ರೀಸೆಲ್ಲರ್‌ಗಳು, ಇಲ್ಲವೇ ಅಲ್ಲಿ ಸಾಮಾನ್ಯ ಗಿರಾಕಿಯಂತೆ ಖಾತೆ ತೆರೆದವರು. ಅವರಿಗೂ ನಿಕ್ಸಿಗೂ ನೇರ ಒಪ್ಪಂದ ಇರುವುದಿಲ್ಲ. ಪಟ್ಟಿಯಲ್ಲಿ ರಿಜಿಸ್ಟ್ರಂಟ್ ಎಂದು ಯಾರ ಹೆಸರಿದೆಯೋ ಅವರೇ ಆ ಡೊಮೇನ್‌ನ ಅಧಿಕೃತ ಹಕ್ಕುದಾರರು. ಹಣ ಕೊಟ್ಟವರು ಯಾರು, ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದು ರಿಜಿಸ್ಟ್ರಿಯ ಪುಸ್ತಕದಲ್ಲಿ ಇರುವುದಿಲ್ಲ. ಜಮೀನಿಗೆ ಕಂದಾಯ ಕಟ್ಟುತ್ತ ಬಂದವರು ನೀವಾಗಿದ್ದರೂ ಪಹಣಿಯಲ್ಲಿ ಬೇರೆಯವರ ಹೆಸರು ಕೂತಿದ್ದರೆ ತಹಶೀಲ್ದಾರರ ಮುಂದೆ ಏನಾಗುತ್ತದೆಯೋ ಇಲ್ಲೂ ಹಾಗೆಯೇ.

ಆದ್ದರಿಂದ ಮೊದಲು ಹೂಈಸ್ ಹುಡುಕಾಟ, ಅಂದರೆ ಡೊಮೇನ್ ಯಾರ ಹೆಸರಿನಲ್ಲಿ ದಾಖಲಾಗಿದೆ ಎಂಬ ಹುಡುಕಾಟ ಮಾಡಿ. ರಿಜಿಸ್ಟ್ರಿಯ ತಾಣದಲ್ಲೇ ಅದು ಉಚಿತವಾಗಿದೆ. ವ್ಯಕ್ತಿಯ ಹೆಸರು, ದೂರವಾಣಿ ಮುಂತಾದವನ್ನು ಖಾಸಗಿತನಕ್ಕಾಗಿ ಮರೆಮಾಡಿರುತ್ತಾರೆ, ಆದರೆ ರಿಜಿಸ್ಟ್ರಾರ್ ಯಾರು, ಹೆಸರು ಎಂದು ನೋಂದಣಿಯಾಯಿತು, ಎಂದು ಮುಗಿಯುತ್ತದೆ, ರಿಜಿಸ್ಟ್ರಂಟ್ ಸಂಸ್ಥೆಯ ಹೆಸರೇನು, ತಾಣ ಯಾವ ಸರ್ವರ್‌ನಲ್ಲಿದೆ ಎಂದು ಹೇಳುವ ನೇಮ್‌ಸರ್ವರ್‌ಗಳು ಯಾವುವು ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಅದನ್ನು ನೋಡಿ ಇಲ್ಲಿ ತಿಳಿಸಿದರೆ ಮುಂದಿನ ಹೆಜ್ಜೆ ಹೇಳಬಹುದು.


ಉತ್ತರ: ಧಾರವಾಡ_ಸಿಸ್ಟಮ್ಸ್

ಮೇಲಿನ ಉತ್ತರಕ್ಕೆ ಎರಡನೆಯ ಪ್ರಶ್ನೆಯ ಭಾಗವನ್ನು ಸೇರಿಸುತ್ತೇನೆ. ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನಾದ್ದರಿಂದ ಈ ವಿಭಾಗಗಳ ಜೊತೆ ದಿನವೂ ವ್ಯವಹರಿಸುತ್ತೇನೆ.

ಡಾಟ್ ಇನ್ ಅಡಿಯಲ್ಲಿರುವ ವಿಭಾಗಗಳೆಲ್ಲ ಒಂದೇ ಬಗೆಯವಲ್ಲ. ಕೋ, ನೆಟ್, ಆರ್ಗ್, ಜೆನ್, ಫರ್ಮ್, ಇಂಡ್ ಎಂಬ ಆರು ವಿಭಾಗಗಳು ಎಲ್ಲರಿಗೂ ತೆರೆದಿವೆ. ಕೋ ಕಂಪನಿಗಳಿಗೆ, ಆರ್ಗ್ ಲಾಭರಹಿತ ಸಂಸ್ಥೆಗಳಿಗೆ, ಇಂಡ್ ವ್ಯಕ್ತಿಗಳಿಗೆ ಎಂದು ಉದ್ದೇಶ ಹೇಳಲಾಗಿದೆಯೇ ಹೊರತು ಅದನ್ನು ಪರಿಶೀಲಿಸಿ ಕೊಡುವ ಪದ್ಧತಿ ಇಲ್ಲ. ಲಾಭಕ್ಕಾಗಿಯೇ ಇರುವ ಕಂಪನಿ ಆರ್ಗ್ ಡಾಟ್ ಇನ್ ಹೆಸರು ತೆಗೆದುಕೊಂಡರೂ ಯಾರೂ ಸಂಘದ ನೋಂದಣಿ ಪತ್ರ ಕೇಳುವುದಿಲ್ಲ. ನಿಮ್ಮ ವೆಬ್ ಡಿಸೈನರ್ ಅದನ್ನು ತಮ್ಮ ಹೆಸರಿನಲ್ಲಿ ಪಡೆಯಲು ಸಾಧ್ಯವಾದದ್ದು ಹೀಗೆ. ಡಾಟ್ ಇನ್ ಹೆಸರನ್ನು ಜಗತ್ತಿನ ಯಾವ ದೇಶದವರೂ ಪಡೆಯಬಹುದು, ಭಾರತದಲ್ಲಿ ವಿಳಾಸ ಇರಬೇಕೆಂಬ ನಿಯಮವಿಲ್ಲ.

ಇದಕ್ಕೆ ಎದುರಾಗಿ ಮುಚ್ಚಿದ ವಿಭಾಗಗಳಿವೆ. ಗವ್ ಡಾಟ್ ಇನ್ ಸರ್ಕಾರಗಳಿಗೆ ಮಾತ್ರ, ಅದನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ ನೋಡಿಕೊಳ್ಳುತ್ತದೆ. ಇಲಾಖೆಯ ಜವಾಬ್ದಾರಿ ಹೊತ್ತ ಅಧಿಕಾರಿಯ ಅಧಿಕೃತ ಪತ್ರವಿಲ್ಲದೆ ಹೆಸರು ಸಿಗುವುದಿಲ್ಲ. ಮಿಲ್ ಡಾಟ್ ಇನ್ ಸೇನೆಗೆ. ಒಂದು ಕಾಲದಲ್ಲಿ ನಮ್ಮ ಜಿಲ್ಲಾಡಳಿತಗಳ ತಾಣಗಳು ಎನ್‌ಐಸಿಯ ಸ್ವಂತ ಹೆಸರಾದ ಎನ್‌ಐಸಿ ಡಾಟ್ ಇನ್ ಅಡಿಯಲ್ಲೇ ಇದ್ದುದನ್ನು ಹಲವರು ನೆನಪಿಸಿಕೊಳ್ಳಬಹುದು. ಅವು ಕ್ರಮೇಣ ಗವ್ ಡಾಟ್ ಇನ್‌ಗೆ ಸರಿಯುತ್ತ ಬಂದಿವೆ.

ಶಿಕ್ಷಣದ್ದು ಹೆಚ್ಚು ಸ್ವಾರಸ್ಯದ ಕಥೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಎರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಅದರಲ್ಲಿ ಮೊದಲಿಗೆ ಇದ್ದವರು ಎನ್‌ಸಿಎಸ್‌ಟಿ, ಐದು ಐಐಟಿಗಳು, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಲಾಖೆ, ಒಟ್ಟು ಎಂಟು ಮಂದಿ. ಹಾಗಾಗಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ಪ್ರಾಧ್ಯಾಪಕರ ಪ್ರಬಂಧಗಳಲ್ಲಿ ಮಿಂಚಂಚೆ ವಿಳಾಸ ಐಐಎಸ್‌ಸಿ ಡಾಟ್ ಎರ್ನೆಟ್ ಡಾಟ್ ಇನ್ ಎಂದು ಕೊನೆಯಾಗುತ್ತದೆ. ಈಗ ಅದು ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್ ಆಗಿದೆ. ಎಸಿ, ಎಡು, ರೆಸ್ ಎಂಬ ಮೂರು ವಿಭಾಗಗಳಿಗೆ ಎರ್ನೆಟ್ ಇಂಡಿಯಾವೇ ರಿಜಿಸ್ಟ್ರಾರ್. ಅಲ್ಲಿ ಹೆಸರು ಬೇಕಾದರೆ ಕಾಲೇಜಿನ ಮಾನ್ಯತೆಯ ದಾಖಲೆ, ಮುಖ್ಯಸ್ಥರ ಸಹಿ ಇರುವ ಪತ್ರ ಎಲ್ಲವನ್ನೂ ಕೊಡಬೇಕು. ಕೆಲಸ ನಿಧಾನ ಎಂದು ಸಹೋದ್ಯೋಗಿಗಳು ಗೊಣಗುತ್ತಾರೆ. ನನಗಂತೂ ಆ ನಿಧಾನವೇ ಅದರ ಬೆಲೆ ಎನಿಸುತ್ತದೆ, ಏಕೆಂದರೆ ಎಸಿ ಡಾಟ್ ಇನ್ ಎಂದು ಕಂಡರೆ ಹಿಂದೆ ಒಂದು ನಿಜವಾದ ವಿದ್ಯಾಸಂಸ್ಥೆ ಇದೆ ಎಂದು ವಿದ್ಯಾರ್ಥಿಯ ತಂದೆತಾಯಿ ನಂಬಬಹುದು.

ಇದೇ ತರ್ಕವನ್ನು ಈಚೆಗೆ ಬ್ಯಾಂಕುಗಳಿಗೂ ಅನ್ವಯಿಸಿದ್ದಾರೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಬ್ಯಾಂಕ್ ಡಾಟ್ ಇನ್ ಎಂಬ ವಿಭಾಗವನ್ನು ಪ್ರಕಟಿಸಿ, ಏಪ್ರಿಲ್ 22ರ ಸುತ್ತೋಲೆಯಲ್ಲಿ ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರ ಒಳಗೆ ಅದಕ್ಕೆ ಬರಬೇಕೆಂದು ಸೂಚಿಸಿತು. ಅಲ್ಲಿ ಹೆಸರು ಕೊಡುವ ಏಕೈಕ ರಿಜಿಸ್ಟ್ರಾರ್, ಬ್ಯಾಂಕಿಂಗ್ ತಂತ್ರಜ್ಞಾನಕ್ಕಾಗಿ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ. ಇದರ ಪ್ರಯೋಜನ ಅರ್ಥವಾಗಬೇಕಾದರೆ ವಿಳಾಸವನ್ನು ಬಲದಿಂದ ಎಡಕ್ಕೆ ಓದುವುದನ್ನು ರೂಢಿಸಿಕೊಳ್ಳಬೇಕು. ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸದಲ್ಲಿ ಮೊದಲು ದೇಶದ ಪಟ್ಟಿ, ಅದರೊಳಗೆ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಒಳಪಟ್ಟ ಬ್ಯಾಂಕುಗಳ ಪಟ್ಟಿ, ಅದರೊಳಗೆ ಆ ಬ್ಯಾಂಕು ಇದೆ. ಎಸ್‌ಬಿಐ ಮತ್ತು ಬ್ಯಾಂಕ್ ನಡುವಿನ ಚುಕ್ಕಿಯನ್ನು ತೆಗೆದು ಅಡ್ಡಗೆರೆ ಹಾಕಿದರೆ ಅದು ಬ್ಯಾಂಕುಗಳ ಪಟ್ಟಿಯ ಹೊರಗಿರುವ, ತೆರೆದ ವಿಭಾಗದ ಹೆಸರಾಗಿಬಿಡುತ್ತದೆ. ಅಂಥದ್ದನ್ನು ವಂಚಕರೂ ಕೊಳ್ಳಬಲ್ಲರು. ನಮ್ಮ ಕಡೆಯ ಪತ್ತಿನ ಸಹಕಾರಿ ಸಂಘಗಳಲ್ಲಿ ಠೇವಣಿ ಇಟ್ಟವರು ಒಂದು ವಿಷಯ ಗಮನಿಸಬೇಕು: ಆ ಸಂಘಗಳು ಬ್ಯಾಂಕುಗಳಲ್ಲದ ಕಾರಣ ಅವುಗಳಿಗೆ ಈ ವಿಭಾಗದಲ್ಲಿ ಸ್ಥಾನವಿಲ್ಲ. ಅದರಿಂದ ಅವು ಮೋಸದ ಸಂಸ್ಥೆಗಳೆಂದು ಅರ್ಥವಲ್ಲ, ಹೆಸರು ನೋಡಿ ನಂಬುವ ಸೌಲಭ್ಯ ಅಲ್ಲಿಗೆ ಇನ್ನೂ ಬಂದಿಲ್ಲ ಎಂದಷ್ಟೇ ಅರ್ಥ.


ಉತ್ತರ: ಘಟ್ಟದ_ವಾಚನಾಲಯ

ಇಬ್ಬರಿಗೂ ಕೃತಜ್ಞತೆಗಳು. ಹೆಸರುಪಟ್ಟಿ ಅವರು ಹೇಳಿದಂತೆ ಹೂಈಸ್ ನೋಡಿದೆವು. ರಿಜಿಸ್ಟ್ರಾರ್ ಜಾಗದಲ್ಲಿ ಬೇರೆಯೇ ಒಂದು ದೊಡ್ಡ ಕಂಪನಿಯ ಹೆಸರಿದೆ. ರಿಜಿಸ್ಟ್ರಂಟ್ ಸಂಸ್ಥೆಯ ಜಾಗದಲ್ಲಿ ನಮ್ಮ ಸಂಘದ ಹೆಸರಿಲ್ಲ, ವೆಬ್ ಡಿಸೈನ್ ಸಂಸ್ಥೆಯ ಹೆಸರಿದೆ. ಸ್ಥಿತಿ ಎಂಬಲ್ಲಿ ವರ್ಗಾವಣೆ ನಿಷೇಧಿಸಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲಿದೆ. ಅವಧಿ ಮುಗಿಯಲು ಇನ್ನು ಎರಡು ತಿಂಗಳಿಗೂ ಕಡಿಮೆ ಸಮಯವಿದೆ. ಅವಧಿ ಮುಗಿದ ದಿನವೇ ಹೆಸರು ಬಿಡುಗಡೆಯಾಗುತ್ತದೆ, ಆಗ ನಾವೇ ಹೊಸದಾಗಿ ಕೊಳ್ಳಬಹುದು ಎಂದು ನಮ್ಮ ಸಮಿತಿಯ ಒಬ್ಬ ಸದಸ್ಯರ ಅಭಿಪ್ರಾಯ. ಇದು ಸರಿಯೇ? ವರ್ಗಾವಣೆ ನಿಷೇಧ ಎಂಬ ಸಾಲನ್ನು ರಿಜಿಸ್ಟ್ರಿಯವರೇ ಹಾಕಿದ್ದಾರೆಯೇ?


ಉತ್ತರ: ಹೆಸರುಪಟ್ಟಿ

ಆ ಸಾಲನ್ನು ಕಂಡು ಗಾಬರಿಯಾಗಬೇಡಿ. ಅದು ರಿಜಿಸ್ಟ್ರಾರ್ ಹಾಕುವ ಸಾಮಾನ್ಯ ಬೀಗ, ಯಾರಾದರೂ ಕಳ್ಳತನದಿಂದ ಹೆಸರನ್ನು ಬೇರೆಡೆ ಸಾಗಿಸಬಾರದೆಂದು ಬಹುತೇಕ ಎಲ್ಲ ಡೊಮೇನ್‌ಗಳ ಮೇಲೂ ಇರುತ್ತದೆ. ಖಾತೆಯಲ್ಲಿ ಒಂದು ಗುಂಡಿ ಒತ್ತಿದರೆ ತೆರೆಯುತ್ತದೆ. ವರ್ಗಾವಣೆ ಸಾಧ್ಯವೇ ಇಲ್ಲ ಎಂದು ನಿಮಗೆ ಹೇಳಿದ ಮಾತು ಈ ಕಾರಣಕ್ಕೆ ನಿಲ್ಲುವುದಿಲ್ಲ.

ಇಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಳ್ಳುತ್ತಾರೆ. ತಾಣದ ಕಡತಗಳನ್ನು ಬೇರೆ ಸರ್ವರ್‌ಗೆ ಒಯ್ಯುವುದು ಒಂದು. ಹೆಸರು ಯಾವ ಸರ್ವರ್ ಕಡೆ ಕೈ ತೋರಿಸಬೇಕು ಎಂದು ನೇಮ್‌ಸರ್ವರ್ ಬದಲಿಸುವುದು ಇನ್ನೊಂದು. ಒಬ್ಬ ರಿಜಿಸ್ಟ್ರಾರ್‌ನಿಂದ ಇನ್ನೊಬ್ಬರ ಬಳಿಗೆ ಹೆಸರನ್ನು ಒಯ್ಯುವುದು ಮೂರನೆಯದು. ಇದಕ್ಕೆ ಬೀಗ ತೆರೆದು ಆತ್ ಕೋಡ್ ಎಂಬ ಗುಪ್ತಪದವನ್ನು ಪಡೆಯಬೇಕು. ರಿಜಿಸ್ಟ್ರಂಟ್‌ನ ಹೆಸರನ್ನೇ ಬದಲಿಸುವುದು ನಾಲ್ಕನೆಯದು. ನಿಮಗೆ ತುರ್ತಾಗಿ ಬೇಕಾಗಿರುವುದು ಈ ನಾಲ್ಕನೆಯದು, ಅದಕ್ಕೆ ಈಗಿನ ರಿಜಿಸ್ಟ್ರಂಟ್‌ನ ಒಪ್ಪಿಗೆ ಬೇಕು. ಮೂರನೆಯದನ್ನು ಮಾತ್ರ ಮಾಡಿಸಿಕೊಂಡು ಸುಮ್ಮನಾದ ಸಂಘಗಳನ್ನು ನೋಡಿದ್ದೇನೆ: ಹೆಸರು ಹೊಸ ರಿಜಿಸ್ಟ್ರಾರ್ ಬಳಿ ಬಂದಿರುತ್ತದೆ, ಪುಸ್ತಕದಲ್ಲಿ ಹಳೆಯವರ ಹೆಸರೇ ಉಳಿದಿರುತ್ತದೆ.

ಅವಧಿ ಮುಗಿಯುವುದನ್ನು ಕಾಯುವ ಆಲೋಚನೆಯನ್ನು ದಯವಿಟ್ಟು ಬಿಡಿ. ಅವಧಿ ಮುಗಿದ ದಿನ ಹೆಸರು ಬಿಡುಗಡೆಯಾಗುವುದಿಲ್ಲ. ಮೊದಲು ಸುಮಾರು 45 ದಿನಗಳವರೆಗೆ ಹಳೆಯವರೇ ನವೀಕರಿಸಿಕೊಳ್ಳುವ ಅವಕಾಶವಿರುತ್ತದೆ, ಈ ಅವಧಿಯಲ್ಲಿ ಎಷ್ಟು ದಿನ ಕೊಡಬೇಕೆಂಬುದು ರಿಜಿಸ್ಟ್ರಾರ್‌ನಿಂದ ರಿಜಿಸ್ಟ್ರಾರ್‌ಗೆ ಬದಲಾಗುತ್ತದೆ. ಆಮೇಲೆ ಅಳಿಸಿದರೂ 30 ದಿನ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು ಹಳೆಯ ರಿಜಿಸ್ಟ್ರಂಟ್‌ಗೆ ಮಾತ್ರ ಅವಕಾಶ. ಬಳಿಕ 5 ದಿನ ಯಾರೂ ಮುಟ್ಟುವಂತಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಮೊದಲು ಬಂದವರಿಗೆ ಸಿಗುತ್ತದೆ, ಮೊದಲು ಬರುವುದು ಮನುಷ್ಯರಲ್ಲ, ಅವಧಿ ಮೀರಿದ ಹೆಸರುಗಳನ್ನೇ ಬೇಟೆಯಾಡುವ ಕಂಪನಿಗಳ ಪ್ರೋಗ್ರಾಮ್‌ಗಳು. ನೂರಾರು ಕಡೆಯಿಂದ ಕೊಂಡಿಗಳಿರುವ ನಿಮ್ಮಂಥ ಹಳೆಯ ತಾಣದ ಹೆಸರು ಅವರಿಗೆ ಬಹಳ ಪ್ರಿಯ. ಯಕ್ಷಗಾನ ಪ್ರಸಂಗಗಳಿದ್ದ ವಿಳಾಸದಲ್ಲಿ ಜೂಜಿನ ಜಾಹೀರಾತುಗಳು ಬಂದು ಕೂರುತ್ತವೆ. ಹೀಗಾದ ಕನ್ನಡದ ಸಾಹಿತ್ಯ ತಾಣಗಳನ್ನು ಕಂಡು ನೊಂದಿದ್ದೇನೆ. ಅವರು ಕೇಳಿದ ಹಣ ಅನ್ಯಾಯವೆನಿಸಿದರೂ, ಪ್ರತಿಭಟನೆಯನ್ನು ಪತ್ರದಲ್ಲಿ ದಾಖಲಿಸಿ, ಈ ಒಂದು ಬಾರಿ ಕಟ್ಟಿ ಹೆಸರನ್ನು ಜೀವಂತವಾಗಿಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದರ ಜೊತೆಗೇ ರಿಜಿಸ್ಟ್ರಾರ್ ಕಂಪನಿಗೆ ನೇರವಾಗಿ ಬರೆಯಿರಿ. ಸಂಘದ ನೋಂದಣಿ ಪತ್ರ, ಇಷ್ಟು ವರ್ಷಗಳ ರಸೀದಿಗಳು, ಮೊದಲ ಕೊಟೇಶನ್ ಅಥವಾ ಮಿಂಚಂಚೆ, ಕಾರ್ಯಕಾರಿ ಸಮಿತಿಯ ಠರಾವು ಇವುಗಳನ್ನು ಲಗತ್ತಿಸಿ. ಡಾಟ್ ಇನ್ ಹೆಸರುಗಳಿಗೆ ರಿಜಿಸ್ಟ್ರಂಟ್‌ನ ಗುರುತಿನ ಪರಿಶೀಲನೆ ಕಡ್ಡಾಯವಾಗಿರುವುದರಿಂದ, ದಾಖಲೆಯಲ್ಲಿರುವ ಹೆಸರು ನಿಜವಾದ ಬಳಕೆದಾರರದ್ದಲ್ಲ ಎಂಬ ಲಿಖಿತ ದೂರನ್ನು ಅವರು ಹಗುರವಾಗಿ ಕಾಣುವುದು ಕಷ್ಟ. ಉತ್ತರ ಬರದಿದ್ದರೆ ಅದೇ ಕಡತವನ್ನು ನಿಕ್ಸಿಗೆ ಕಳಿಸಬಹುದು. ಆದರೆ ಒಡೆತನದ ವಿವಾದದಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಕಚೇರಿಯ ಕೆಲಸವಲ್ಲ. ಅದಕ್ಕೆ ಬೇರೆ ದಾರಿಯಿದೆ, ಕಾನೂನು ಬಲ್ಲವರು ಹೇಳಲಿ.


ಉತ್ತರ: ವಕೀಲರ_ಕೊಠಡಿ

ಆ ದಾರಿಯನ್ನು ನಾನು ವಿವರಿಸುತ್ತೇನೆ. ಇದು ಸಾಮಾನ್ಯ ತಿಳಿವಳಿಕೆಗಾಗಿ, ನಿಮ್ಮ ದಾಖಲೆಗಳನ್ನು ನೋಡಿದ ವಕೀಲರ ಸಲಹೆಗೆ ಬದಲಿಯಲ್ಲ.

ಡೊಮೇನ್ ಹೆಸರಿಗೂ ಕಾನೂನಿನ ರಕ್ಷಣೆ ಇದೆಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೊಕದ್ದಮೆ ಹೊರಟದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ. ಸತ್ಯಂ ಇನ್ಫೋವೇ ಎಂಬ ಕಂಪನಿ 1999ರಲ್ಲಿ ಸಿಫಿ ಎಂಬ ಪದವಿದ್ದ ಹಲವು ಹೆಸರುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಅದೇ ಪದಕ್ಕೆ ಒಂದು ಎಫ್ ಅಕ್ಷರ ಹೆಚ್ಚು ಸೇರಿಸಿ ಹೆಸರುಗಳನ್ನು ಪಡೆಯಿತು. ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು, 2004ರ ಮೇ 6ರಂದು ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಎಂಬುದು ಬರಿಯ ವಿಳಾಸವಲ್ಲ, ಅದು ವ್ಯವಹಾರದ ಗುರುತೂ ಹೌದು. ಅದಕ್ಕಾಗಿಯೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಟ್ರೇಡ್‌ಮಾರ್ಕ್ ಕಾನೂನಿನ ಪಾಸಿಂಗ್ ಆಫ್ (ಇನ್ನೊಬ್ಬರ ಗುರುತನ್ನು ಬಳಸಿ ಜನರನ್ನು ದಾರಿ ತಪ್ಪಿಸಬಾರದು ಎಂಬ) ತತ್ವದಡಿ ಅದಕ್ಕೆ ರಕ್ಷಣೆ ಇದೆ ಎಂಬುದು ಆ ತೀರ್ಪಿನ ಸಾರ. ಇಂದಿಗೂ ಡೊಮೇನ್ ಮೊಕದ್ದಮೆಗಳಲ್ಲಿ ಅದನ್ನೇ ಹೆಚ್ಚಾಗಿ ಆಧರಿಸುತ್ತಾರೆ.

ಡಾಟ್ ಇನ್ ಹೆಸರುಗಳಿಗೆ ಕೋರ್ಟಿನ ಹೊರಗೂ ಒಂದು ವ್ಯವಸ್ಥೆ ಇದೆ. ಅದನ್ನು ಐಎನ್‌ಡಿಆರ್‌ಪಿ, ಅಂದರೆ ಡಾಟ್ ಇನ್ ಹೆಸರುಗಳ ವಿವಾದ ಪರಿಹಾರ ನೀತಿ ಎನ್ನುತ್ತಾರೆ. ದೂರನ್ನು ನಿಕ್ಸಿಗೆ ಸಲ್ಲಿಸಬೇಕು. ಅವರು ತಮ್ಮ ಪಟ್ಟಿಯಿಂದ ಒಬ್ಬ ಮಧ್ಯಸ್ಥಗಾರರನ್ನು ನೇಮಿಸುತ್ತಾರೆ. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಗೆ ಅನುಗುಣವಾಗಿ ವಿಚಾರಣೆ ನಡೆದು, ಆರಂಭವಾದ 60 ದಿನಗಳಲ್ಲಿ, ಅಗತ್ಯವಿದ್ದರೆ ಇನ್ನೂ 30 ದಿನ ಸೇರಿಸಿ, ತೀರ್ಪು ಬರಬೇಕು. ವಿಚಾರಣೆ ಹೆಚ್ಚಾಗಿ ಕಾಗದಪತ್ರಗಳ ಮೇಲೆಯೇ ನಡೆಯುತ್ತದೆ. ಮೂರು ಅಂಶಗಳನ್ನು ದೂರುದಾರರು ತೋರಿಸಬೇಕು. ಆ ಹೆಸರು ತಮಗೆ ಹಕ್ಕಿರುವ ಹೆಸರನ್ನೋ ಗುರುತನ್ನೋ ಹೋಲುತ್ತದೆ ಎಂಬುದು ಮೊದಲನೆಯದು. ಎದುರಾಳಿಗೆ ಅದರಲ್ಲಿ ನ್ಯಾಯಬದ್ಧ ಹಿತಾಸಕ್ತಿ ಇಲ್ಲ ಎಂಬುದು ಎರಡನೆಯದು. ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದಾರೆ ಅಥವಾ ಬಳಸುತ್ತಿದ್ದಾರೆ ಎಂಬುದು ಮೂರನೆಯದು.

ಆ ಮೂರನೆಯ ಅಂಶದಲ್ಲಿ ನಿಮ್ಮ ಪ್ರಕರಣಕ್ಕೆ ಬಹಳ ಬೇಕಾದ ಒಂದು ಸೂಕ್ಷ್ಮವಿದೆ. ಡಾಟ್ ಕಾಮ್‌ಗೆ ಅನ್ವಯಿಸುವ ಐಕಾನ್ ನೀತಿಯಲ್ಲಿ ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದನ್ನೂ ಬಳಸಿದ್ದನ್ನೂ, ಎರಡನ್ನೂ ತೋರಿಸಬೇಕು. ನಮ್ಮ ನೀತಿಯಲ್ಲಿ ಎರಡರಲ್ಲಿ ಒಂದು ಸಾಕು. ನಿಮ್ಮ ವೆಬ್ ಡಿಸೈನರ್ ಮೊದಲಿಗೆ ನಿಮ್ಮ ಸೂಚನೆಯಂತೆಯೇ, ಯಾವ ದುರುದ್ದೇಶವೂ ಇಲ್ಲದೆ ನೋಂದಾಯಿಸಿರಬಹುದು. ಆದರೆ ಈಗ ಹೆಸರನ್ನು ಒತ್ತೆಯಿಟ್ಟುಕೊಂಡು ಹೆಚ್ಚಿನ ಹಣ ಕೇಳುತ್ತಿರುವುದು ಕೆಟ್ಟ ಉದ್ದೇಶದ ಬಳಕೆ ಎಂದು ವಾದಿಸಲು ಅವಕಾಶವಿದೆ. ಇಲ್ಲಿ ನಿಮ್ಮ ದೌರ್ಬಲ್ಯ ಮೊದಲನೆಯ ಅಂಶದಲ್ಲಿ ಇರಬಹುದು. ಊರಿನ ಹೆಸರಿಗೆ ವಾಚನಾಲಯ ಎಂಬ ಪದ ಸೇರಿಸಿದ್ದಷ್ಟೇ ನಿಮ್ಮ ಹೆಸರಾಗಿದ್ದರೆ, ಅದು ಜನರ ನಡುವೆ ನಿಮ್ಮ ಸಂಘದ ಗುರುತಾಗಿಯೇ ಬಳಕೆಯಲ್ಲಿದೆ ಎಂದು ತೋರಿಸಬೇಕಾಗುತ್ತದೆ. ಪ್ರಬಂಧಗಳ ಅಡಿಟಿಪ್ಪಣಿಗಳು ಎಂದಿರಲ್ಲ, ಅವು ಈ ವಿಷಯದಲ್ಲಿ ರಸೀದಿಗಳಿಗಿಂತ ಬಲವಾದ ಪುರಾವೆ. ಪತ್ರಿಕಾ ವರದಿಗಳು, ಆಮಂತ್ರಣ ಪತ್ರಿಕೆಗಳು, ನೀವು ಹಂಚಿದ ಕರಪತ್ರಗಳು ಎಲ್ಲವನ್ನೂ ದಿನಾಂಕದ ಸಮೇತ ಕೂಡಿಡಿ. ಮಧ್ಯಸ್ಥಗಾರರು ಕೊಡಬಲ್ಲ ಪರಿಹಾರ ಹೆಸರನ್ನು ರದ್ದುಮಾಡುವುದು ಅಥವಾ ನಿಮಗೆ ವರ್ಗಾಯಿಸುವುದು, ಖರ್ಚನ್ನೂ ಹೇರಬಹುದು. ನಷ್ಟ ಪರಿಹಾರ ಬೇಕಾದರೆ ಸಿವಿಲ್ ಕೋರ್ಟಿಗೇ ಹೋಗಬೇಕು.

ಇದಕ್ಕೆಲ್ಲ ಮೊದಲು ಒಂದು ನೋಟಿಸು ಕೊಡಿಸಿ. ಅನೇಕ ಬಾರಿ ಒಂದು ಸರಿಯಾದ ನೋಟಿಸಿನಲ್ಲೇ ವಿಷಯ ಮುಗಿಯುತ್ತದೆ, ಏಕೆಂದರೆ ಒಂದು ಹೆಸರಿಗಾಗಿ ಮಧ್ಯಸ್ಥಿಕೆಯ ಖರ್ಚು ಹೊರಲು ಸಣ್ಣ ಸಂಸ್ಥೆಗಳಿಗೂ ಮನಸ್ಸಿರುವುದಿಲ್ಲ.


ಉತ್ತರ: ಲಿಪಿಕಾರ

ಡಾಟ್ ಭಾರತದ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ಕನ್ನಡ ಫಾಂಟ್ ಮತ್ತು ಯೂನಿಕೋಡ್ ಕೆಲಸದಲ್ಲಿ ತೊಡಗಿರುವವನು ನಾನು; ಈ ವಿಷಯ ನನಗೆ ಬಹಳ ಹತ್ತಿರದ್ದು.

ನಮ್ಮ ದೇಶಕ್ಕೆ ಡಾಟ್ ಇನ್ ಒಂದೇ ಅಲ್ಲ, ಭಾರತೀಯ ಲಿಪಿಗಳಲ್ಲಿ ಬರೆದ ದೇಶದ ಹೆಸರುಗಳೂ ಇಂಟರ್ನೆಟ್ಟಿನ ಮೂಲ ಪಟ್ಟಿಯಲ್ಲಿ, ಅಂದರೆ ಡಾಟ್ ಕಾಮ್, ಡಾಟ್ ಇನ್ ಎಲ್ಲವೂ ಇರುವ ಜಾಗತಿಕ ಪಟ್ಟಿಯಲ್ಲಿ ಇವೆ. ಒಂದೇ ದೇಶಕ್ಕೆ ಇಷ್ಟೊಂದು ಲಿಪಿಗಳಲ್ಲಿ ಹೆಸರಿರುವುದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದೇವನಾಗರಿಯದು 2014ರ ಆಗಸ್ಟ್‌ನಲ್ಲಿ ಬಳಕೆಗೆ ಬಂತು. ಮೊದಲ ಸುತ್ತಿನ ಏಳು ಭಾಷೆಗಳಲ್ಲಿ ತೆಲುಗು, ತಮಿಳು ಇದ್ದವು, ಕನ್ನಡ ಇರಲಿಲ್ಲ. ನಮ್ಮದು ಕೆಲವು ವರ್ಷ ತಡವಾಗಿ ಸೇರಿತು. ಇವನ್ನೂ ನಿಕ್ಸಿಯೇ ನಡೆಸುತ್ತದೆ.

ಒಳಗೆ ನಡೆಯುವುದು ಹೀಗೆ. ಹೆಸರುಗಳನ್ನು ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಿಂದಲೇ ಆಗಿರಬೇಕೆಂಬ ಹಳೆಯ ಕಟ್ಟುಪಾಡು ಇನ್ನೂ ಇದೆ. ಹಾಗಾಗಿ ನೀವು ಕನ್ನಡದಲ್ಲಿ ವಿಳಾಸ ಬರೆದಾಗ ಬ್ರೌಸರ್ ಅದನ್ನು ಪ್ಯೂನಿಕೋಡ್ ಎಂಬ ಕ್ರಮದಿಂದ, ಎಕ್ಸ್ ಎನ್ ಎಂಬ ಎರಡು ಅಕ್ಷರ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ, ಓದಲು ಬಾರದ ಒಂದು ಸರಣಿಯಾಗಿ ಮಾರ್ಪಡಿಸಿ ಕಳಿಸುತ್ತದೆ. ಎಲ್ಲ ಸರಿಯಾಗಿ ನಡೆದರೆ ನಿಮಗೆ ಕನ್ನಡವೇ ಕಾಣುತ್ತದೆ. ಆದರೆ ವಾಟ್ಸಾಪ್‌ನಲ್ಲೋ ಹಳೆಯ ತಂತ್ರಾಂಶದಲ್ಲೋ ಅಂಟಿಸಿದಾಗ ಕೆಲವೊಮ್ಮೆ ಆ ಸರಣಿಯೇ ಹೊರಗೆ ಬಂದು, ನೋಡಿದವರು ಇದಾವುದೋ ವೈರಸ್ಸಿನ ಕೊಂಡಿ ಎಂದು ಹೆದರುತ್ತಾರೆ. ಅನೇಕ ಅರ್ಜಿ ನಮೂನೆಗಳು ಕನ್ನಡದ ಮಿಂಚಂಚೆ ವಿಳಾಸವನ್ನು ತಪ್ಪು ಎಂದು ತಿರಸ್ಕರಿಸುತ್ತವೆ.

ಲಿಪಿಯದ್ದೇ ಆದ ತೊಡಕುಗಳೂ ಇವೆ. ಕನ್ನಡ ಮತ್ತು ತೆಲುಗಿನ ಕೆಲವು ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಾಣುತ್ತವೆ, ಕಂಪ್ಯೂಟರಿಗೆ ಅವು ಬೇರೆ ಬೇರೆ. ಅನುಸ್ವಾರದ ಸೊನ್ನೆಯನ್ನೇ ನೋಡಿ: ಎರಡೂ ಲಿಪಿಗಳಲ್ಲಿ ಅದೇ ಆಕಾರ, ಸಂಕೇತ ಮಾತ್ರ ಬೇರೆ. ಇದನ್ನು ಬಳಸಿ ಒಬ್ಬರ ಹೆಸರಿನಂತೆಯೇ ಕಾಣುವ ಇನ್ನೊಂದು ಹೆಸರನ್ನು ಕಟ್ಟುವ ಅಪಾಯವಿರುವುದರಿಂದ, ಮೂಲ ಪಟ್ಟಿಗೆ ಹೆಸರು ಸೇರಿಸುವ ಕನ್ನಡದ ನಿಯಮಾವಳಿಯನ್ನು ರೂಪಿಸಿದ ಪರಿಣತರು ಇಂಥ ಜೋಡಿಗಳನ್ನು ಗುರುತಿಸಿ, ಒಂದು ಹೆಸರು ಹೋದರೆ ಅದರ ಜೋಡಿಯನ್ನು ಬೇರೆಯವರಿಗೆ ಕೊಡದಂತೆ ನಿಯಮ ಮಾಡಿದ್ದಾರೆ. ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ, ಝಡ್‌ಡಬ್ಲ್ಯೂಎನ್‌ಜೆ ಎಂಬ ಗುರುತುಗಳಿಗೂ ಆ ನಿಯಮಾವಳಿಯಲ್ಲಿ ಸ್ಥಾನವಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದರ ಅರ್ಥ ಗೊತ್ತು: ಅರ್ಕಾವತ್ತು ಬೇಡವೆಂದು ರಕಾರವನ್ನು ಪೂರ್ತಿ ಬರೆದು ಕೆಳಗೆ ಒತ್ತು ಕೊಡಲು, ಅಥವಾ ಸಾಫ್ಟ್‌ವೇರ್ ಎಂಬಲ್ಲಿ ಟಕಾರವನ್ನು ಬಿಡಿಸಿ ಬರೆಯಲು ನಾವು ಬಳಸುವುದು ಇವನ್ನೇ. ಅಂಥ ಕಾಗುಣಿತ ಬೇಡುವ ಪದವನ್ನು ಡೊಮೇನ್ ಹೆಸರಾಗಿ ಆರಿಸಿಕೊಳ್ಳದಿರುವುದು ಕ್ಷೇಮ.

ಇಷ್ಟಾದರೂ ನೀವು ಕನ್ನಡದ ಹೆಸರನ್ನು ಪಡೆಯಬೇಕು ಎಂದೇ ನಾನು ಹೇಳುತ್ತೇನೆ. ವಾಚನಾಲಯ ಎಂಬ ಪದದಲ್ಲಿ ಒತ್ತಕ್ಷರವೂ ಇಲ್ಲ, ಅನುಸ್ವಾರವೂ ಇಲ್ಲ. ಇಂಥ ಹೆಸರಿಗೆ ಕನ್ನಡ ಲಿಪಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಇಂಗ್ಲಿಷ್ ಓದಲಾರದ ಭಾಗವತರೊಬ್ಬರು ಫಲಕದ ಮೇಲೆ ಬರೆದ ವಿಳಾಸವನ್ನು ತಾವೇ ಓದಿ ಮೊಬೈಲಿನಲ್ಲಿ ಬರೆಯುವಂತಾಗಬೇಕಾದರೆ ಇದೊಂದೇ ದಾರಿ. ಬಳಸುವವರು ಹೆಚ್ಚಿದಂತೆ ತಂತ್ರಾಂಶ ಮಾಡುವವರೂ ಸರಿಪಡಿಸುತ್ತಾರೆ. ಆದರೆ ಅದನ್ನು ಹಳೆಯ ಹೆಸರಿಗೆ ಬದಲಿಯಾಗಿ ಅಲ್ಲ, ಅದರ ಜೊತೆಗೆ ಇಟ್ಟುಕೊಳ್ಳಿ. ಎರಡೂ ಒಂದೇ ತಾಣವನ್ನು ತೆರೆಯುವಂತೆ ಮಾಡಬಹುದು. ಮಿಂಚಂಚೆಗೆ ಸದ್ಯಕ್ಕೆ ಇಂಗ್ಲಿಷ್ ಅಕ್ಷರದ ಹೆಸರೇ ಇರಲಿ.


ಉತ್ತರ: ಘಟ್ಟದ_ವಾಚನಾಲಯ

ಎಲ್ಲ ಉತ್ತರಗಳನ್ನೂ ಮುದ್ರಿಸಿ ಸಮಿತಿಯ ಸಭೆಯಲ್ಲಿ ಓದಿದೆವು. ಈ ಬಾರಿಯ ನವೀಕರಣದ ಹಣವನ್ನು ಆಕ್ಷೇಪಣೆಯ ಪತ್ರದ ಜೊತೆ ಕಟ್ಟುವುದು, ರಿಜಿಸ್ಟ್ರಾರ್‌ಗೆ ದಾಖಲೆಗಳೊಂದಿಗೆ ಬರೆಯುವುದು, ಶಿರಸಿಯ ವಕೀಲರೊಬ್ಬರಿಂದ ನೋಟಿಸು ಕೊಡಿಸುವುದು ಎಂದು ಠರಾವು ಆಗಿದೆ. ಕನ್ನಡದ ಹೆಸರನ್ನು ಸಂಘದ ಹೆಸರಿನಲ್ಲೇ ಕೂಡಲೇ ಪಡೆಯಲು ಒಪ್ಪಿಗೆ ಸಿಕ್ಕಿದೆ. ಅದನ್ನು ನೋಂದಾಯಿಸುವಾಗ ಯಾವ ವಿವರಗಳನ್ನು ಹೇಗೆ ಕೊಡಬೇಕು ಎಂಬುದೊಂದನ್ನು ತಿಳಿಸಿ.


ಉತ್ತರ: ಹೆಸರುಪಟ್ಟಿ

ರಿಜಿಸ್ಟ್ರಂಟ್ ಸಂಸ್ಥೆ ಎಂಬ ಜಾಗದಲ್ಲಿ ಸಂಘದ ಹೆಸರನ್ನು ನೋಂದಣಿ ಪತ್ರದಲ್ಲಿ ಇರುವ ಹಾಗೆಯೇ, ಒಂದು ಅಕ್ಷರವೂ ಬದಲಾಗದಂತೆ ಬರೆಯಿರಿ. ಸಂಪರ್ಕ ವ್ಯಕ್ತಿಯಾಗಿ ಕಾರ್ಯದರ್ಶಿಯ ಹೆಸರು ಇರಲಿ, ಪದಾಧಿಕಾರಿಗಳು ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಿಸುವ ದಿನವೇ ಇದನ್ನೂ ಬದಲಿಸುವ ನಿಯಮವನ್ನು ಠರಾವಿನಲ್ಲೇ ಸೇರಿಸಿ. ಒಮ್ಮೆಗೆ ಹತ್ತು ವರ್ಷಗಳವರೆಗೂ ನೋಂದಾಯಿಸಬಹುದು. ಸಂಘಗಳಿಗೆ ಐದು ವರ್ಷವಾದರೂ ಕಟ್ಟಿಡುವುದು ಒಳ್ಳೆಯದು. ಖಾತೆಯನ್ನು ಸಂಘದ ಮಿಂಚಂಚೆಯಿಂದ ತೆರೆದು, ಪಾಸ್‌ವರ್ಡನ್ನು ಇಬ್ಬರು ಪದಾಧಿಕಾರಿಗಳ ಬಳಿ ಬರೆದಿಡಿಸಿ. ತಾಣ ಕಟ್ಟುವವರಿಗೆ ನೇಮ್‌ಸರ್ವರ್ ಬದಲಿಸಲು ಬೇಕಾದಷ್ಟು ಪ್ರವೇಶ ಕೊಟ್ಟರೆ ಸಾಕು, ಖಾತೆಯನ್ನೇ ಕೊಡುವ ಅಗತ್ಯ ಎಂದೂ ಬರುವುದಿಲ್ಲ.

ಇನ್ನೊಂದು ಸಂಗತಿ ಮುಖ್ಯವಾದದ್ದು. ಖಾತೆಗೆ ಕೊಡುವ ಮಿಂಚಂಚೆ ವಿಳಾಸ ಅದೇ ಡೊಮೇನ್‌ನದ್ದಾಗಿರಬಾರದು. ಹೆಸರಿನ ಅವಧಿ ಮುಗಿದರೆ ಆ ಮಿಂಚಂಚೆಯೂ ನಿಲ್ಲುತ್ತದೆ, ಅವಧಿ ಮುಗಿದಿದೆ ಎಂದು ರಿಜಿಸ್ಟ್ರಾರ್ ಕಳಿಸುವ ಪತ್ರ ಆಗ ಯಾರಿಗೂ ತಲುಪುವುದಿಲ್ಲ.